ಒಡೆತನ ಸರ್ಕಾರದ್ದು, ಕಾರುಬಾರು ಕಂಪನಿಯದು

ಭರತಖಂಡದಲ್ಲಿ ರೈಲು ಓಡುವುದಕ್ಕೆ ಮೊದಲೇ ಅದರ ನಷ್ಟ ಯಾರ ತಲೆಗೆ ಎಂಬುದು ನಿಗದಿಯಾಗಿತ್ತು. 1849ರಲ್ಲಿ ಈಸ್ಟ್ ಇಂಡಿಯನ್ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಎಂಬ ಎರಡು ರೈಲ್ವೆ ಕಂಪನಿಗಳೊಂದಿಗೆ ಕರಾರಾಯಿತು. 99 ವರ್ಷಕ್ಕೆ ಜಮೀನು ಪುಕ್ಕಟೆ. ಹೂಡಿದ ಹಣಕ್ಕೆ ಶೇಕಡ 5ರ ಬಡ್ಡಿ ಖಾತರಿ. ಗಳಿಕೆ ಅಷ್ಟಕ್ಕೆ ಸಾಲದೆ ಹೋದರೆ ಕೊರತೆ ತುಂಬಬೇಕಾದುದು ಇಲ್ಲಿಯ ಬೊಕ್ಕಸ, ಅಂದರೆ ರೈತ ಕಟ್ಟಿದ ಕಂದಾಯ. ಇಷ್ಟೆಲ್ಲ ಉದಾರತೆಯ ನಡುವೆ ಸರ್ಕಾರ ತನಗೆಂದು ಉಳಿಸಿಕೊಂಡ ಹಕ್ಕುಗಳಲ್ಲಿ ಮುಖ್ಯವಾದುದು ಒಂದೇ: 25 ವರ್ಷ ಕಳೆದ ಮೇಲೆ ಬೇಕೆಂದರೆ ರೈಲ್ವೆಯನ್ನು ಕೊಂಡುಕೊಳ್ಳಬಹುದು.

ಮೈಲಿಗೆ 8,000 ಪೌಂಡ್ ಎಂದಿದ್ದ ಅಂದಾಜು ಕೆಲಸ ಮುಗಿಯುವ ಹೊತ್ತಿಗೆ ಇಮ್ಮಡಿ ಮೀರಿತು. ವೈಸ್‌ರಾಯ್ ಸಭೆಯಲ್ಲಿ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ 1872ರಲ್ಲಿ ಪಾರ್ಲಿಮೆಂಟಿನ ಸಮಿತಿಯೆದುರು ಮುಚ್ಚುಮರೆಯಿಲ್ಲದೆ ಹೇಳಿದ: ಬಡ್ಡಿ ಖಾತರಿಯಿದ್ದ ಬಂಡವಾಳಗಾರನಿಗೆ ತನ್ನ ದುಡ್ಡು ಇಟ್ಟಿಗೆ ಗಾರೆಯಾಯಿತೋ ಹೂಗ್ಲಿ ನದಿಯ ಪಾಲಾಯಿತೋ ಎಂಬ ಚಿಂತೆಯೇ ಇರಲಿಲ್ಲ.

ಕೊಳ್ಳುವ ಹಕ್ಕು ಚಲಾವಣೆಗೆ ಬಂದದ್ದೂ ವಿಚಿತ್ರವಾಗಿಯೇ. ಈಸ್ಟ್ ಇಂಡಿಯನ್ ರೈಲ್ವೆಯನ್ನು ಸರ್ಕಾರ 1880ರಲ್ಲಿ ವಶಕ್ಕೆ ತೆಗೆದುಕೊಂಡಿತು; ಮರಳಿ ಅದೇ ಕಂಪನಿಯ ಕೈಗೇ ಆಡಳಿತ ಕೊಟ್ಟಿತು. 1900ರಲ್ಲಿ ಪೆನಿನ್ಸುಲಾ ರೈಲ್ವೆಯ ಕಥೆಯೂ ಇದೇ. ಲಂಡನ್ನಿನಲ್ಲಿ ಕೂತಿದ್ದ ಕಂಪನಿಯ ಆಡಳಿತ ಮಂಡಳಿ ಅಲ್ಲಾಡಲಿಲ್ಲ.

ಈ ಏರ್ಪಾಡಿನ ಬಿಸಿ ತಟ್ಟುತ್ತಿದ್ದುದು ಮೂರನೆಯ ದರ್ಜೆಯವರಿಗೆ. 1917ರಲ್ಲಿ ಗಾಂಧೀಜಿ 13 ರೂಪಾಯಿ 9 ಆಣೆ ತೆತ್ತು ಬೊಂಬಾಯಿಯಿಂದ ಮದರಾಸಿಗೆ ಹೊರಟರು. ಗಾಡಿಯ ಮೇಲೆ ಬರೆದಿದ್ದುದು 22 ಜನಕ್ಕೆಂದು. ರಾಯಚೂರು ತಲುಪಿದ ಮೇಲೆ ನೂಕುನುಗ್ಗಲು ತಡೆಯಲಾರದಷ್ಟಾಯಿತು. ಕೆಲವರು ಕೊಳಕು ನೆಲದ ಮೇಲೇ ಮಲಗಿದರು, ಕೆಲವರಿಗೆ ನಿಂತೇ ಪ್ರಯಾಣ. ದಾರಿಯುದ್ದಕ್ಕೂ ಒಮ್ಮೆಯೂ ಕಸ ಗುಡಿಸಲಿಲ್ಲ, ಪಾಯಿಖಾನೆಯ ತೊಟ್ಟಿಯಲ್ಲಿ ನೀರಿಲ್ಲ. ರಾಯಚೂರಿನವರೆಗಿನ ಆ ಹಳಿ ಆಗಲೇ ಹದಿನೇಳು ವರ್ಷದಿಂದ ಸರ್ಕಾರದ ಸ್ವತ್ತು!

ರೈಲ್ವೆಯ ಆಡಳಿತ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯಲ್ಲಿ, 1920ರಲ್ಲಿ ನೇಮಕವಾದ ಆಕ್‌ವರ್ತ್ ಸಮಿತಿ ಸರಿಯಾಗಿ ಎರಡು ಹೋಳಾಯಿತು. ಐವರು ಕಂಪನಿ ಆಡಳಿತದತ್ತ, ಅಧ್ಯಕ್ಷರೂ ಸೇರಿ ಐವರು ಸರ್ಕಾರಿ ಆಡಳಿತದತ್ತ. ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ನಿಂತದ್ದು ಈ ಎರಡನೆಯ ಪಕ್ಷದಲ್ಲಿ. ರೈಲ್ವೆಯಲ್ಲಿ ದುಡಿಯುತ್ತಿದ್ದ ಸುಮಾರು 7 ಲಕ್ಷ ಭಾರತೀಯರಲ್ಲಿ ಒಬ್ಬನೂ ಅತ್ಯುನ್ನತ ಹುದ್ದೆಗೆ ಏರಿರಲಿಲ್ಲ ಎಂಬುದು ವರದಿಯಲ್ಲೇ ದಾಖಲಾಯಿತು. ಕೊನೆಗೆ ಸರ್ಕಾರಿ ಆಡಳಿತದ ಪಕ್ಷವೇ ಗೆದ್ದು, 1925ರಲ್ಲಿ ಎರಡೂ ಹಳೆಯ ಕಂಪನಿಗಳು ಗಂಟುಮೂಟೆ ಕಟ್ಟಿದವು.

ಈ ವಿಷಯದಲ್ಲಿ ಮೈಸೂರು ದೆಹಲಿಗಿಂತ ಚುರುಕಾಗಿತ್ತೆನ್ನಬೇಕು. ಧಾತು, ಈಶ್ವರ ಸಂವತ್ಸರಗಳ ಭೀಕರ ಬರದ ಕಾಲದಲ್ಲಿ ಕೆಲಸ ಹಿಡಿದು, ಸಂಸ್ಥಾನದ ಹಣದಲ್ಲೇ ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ಹಳಿಯನ್ನು 1886ರಲ್ಲಿ ಸದರ್ನ್ ಮರಾಠಾ ಕಂಪನಿಗೆ ಒಪ್ಪಿಸಬೇಕಾಗಿ ಬಂದಿತ್ತು. ಏಕೆಂದರೆ ಬೆಂಗಳೂರಿನಿಂದ ಹರಿಹರಕ್ಕೆ ಹಾಕುವ ದಾರಿಗೆ ಸಾಲ ಎತ್ತಿಕೊಟ್ಟದ್ದು ಆ ಕಂಪನಿಯೇ. ಮೈಸೂರಿನ ಹಳಿ 1919ರಲ್ಲಿ, ಹರಿಹರದ ಹಳಿ 1938ರಲ್ಲಿ ಸಂಸ್ಥಾನದ ಕೈಗೆ ಮರಳಿದವು. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ ಇನ್ನೆರಡು ರೈಲ್ವೆಗಳ ಜೊತೆ ಕೂಡಿ ದಕ್ಷಿಣ ರೈಲ್ವೆಯಾಯಿತು. ಕೇಂದ್ರ ಕಚೇರಿ ಮದರಾಸಿನಲ್ಲಿ.