ಗುಮಾಸ್ತೆಯ ಕುರ್ಚಿಗೆ ಬಂದ ದಾರಿ

ಸರ್ಕಾರಿ ಕಚೇರಿಯಲ್ಲಿ ಇಂದಿಗೂ ‘ಕಡತ’ ಎಂಬ ಮಾತು ಬಳಕೆಯಲ್ಲಿದೆ. ಹಿಂದೆ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಬಟ್ಟೆ ಹೋಗಿ ಕಾಗದ ಬಂತು; ಕಾಗದದ ಜಾಗಕ್ಕೆ ಈಗ ಗಣಕಯಂತ್ರ ಬರುತ್ತಿದೆ. ಹೆಸರು ಮಾತ್ರ ಉಳಿದಿದೆ. ಆದರೆ ಆ ಕಡತವನ್ನು ಬರೆಯುವವನನ್ನು ಆರಿಸಿದವರು ಯಾರು, ಅವನಿಗೆ ಸಿಗುವುದೇನು, ಅವನು ಮೇಲಕ್ಕೆ ಏರುವುದು ಹೇಗೆ? ಈ ಪ್ರಶ್ನೆಗಳಿಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ರಾಜರ ಚರಿತ್ರೆಯನ್ನು ನಾವು ಬೇಕಾದಷ್ಟು ಓದಿದ್ದೇವೆ. ರಾಜಾಜ್ಞೆಯ ಶುದ್ಧಪ್ರತಿ ತೆಗೆದವನ ಚರಿತ್ರೆಯನ್ನೂ ಸ್ವಲ್ಪ ನೋಡೋಣ.

ಮೊದಲನೆಯ ಉತ್ತರ ವಂಶ. ನಮ್ಮ ಶಾಸನಗಳಲ್ಲಿ ಸೇನಬೋವನೆನಿಸಿಕೊಂಡವನೇ ಮುಂದೆ ಊರಿನ ಶಾನುಭೋಗನಾದನು. ತಂದೆಯ ತರುವಾಯ ಮಗ. ಅದಕ್ಕೆ ಅರ್ಜಿಯಿಲ್ಲ, ಪರೀಕ್ಷೆಯಿಲ್ಲ. ಅವನ ದುಡಿಮೆಗೆ ಪ್ರತಿಯಾಗಿ ಇನಾಮು ಜಮೀನು ಇಲ್ಲವೆ ಅಲ್ಪಸ್ವಲ್ಪ ಪೋಟಗಿ. ಬಡ್ತಿಯ ಮಾತೇ ಇರಲಿಲ್ಲ. ಲೆಕ್ಕದ ವಿದ್ಯೆ ಮನೆಯಲ್ಲೇ ಕೈಯಿಂದ ಕೈಗೆ ಬಂದು ಹಸನಾಗುತ್ತಿತ್ತು, ನಿಜ. ಆದರೆ ಆ ಮನೆಯಲ್ಲಿ ಹುಟ್ಟದವನಿಗೆ ಆ ಬಾಗಿಲು ಮುಚ್ಚಿಯೇ ಇತ್ತು. ತನ್ನ ಹೊಲದ ಕಂದಾಯವನ್ನು ತಾನೇ ಓದಲಾರದ ರೈತ ಲೆಕ್ಕ ಬರೆದವನ ಮಾತನ್ನೇ ನಂಬಬೇಕಾಗಿತ್ತು.

ಊರಿನಿಂದ ಮೇಲಿನ ಕಚೇರಿಗಳಲ್ಲಿ ಆಳುವವರು ಬದಲಾದಂತೆ ಭಾಷೆಯೂ ಬದಲಾಯಿತು. ಟೀಪು ಸುಲ್ತಾನನ ಕಾಲದಲ್ಲಿ ಕಂದಾಯದ ಲೆಕ್ಕಕ್ಕೆ ಪಾರಸಿ ಬಂತು; ಅನಂತರ ಮರಾಠಿಗೂ ಮನ್ನಣೆಯಿತ್ತು. ಗುಮಾಸ್ತೆ, ಶಿರಸ್ತೇದಾರ, ದಫ್ತರ ಮೊದಲಾದ ಪಾರಸಿ ಮೂಲದ ಮಾತುಗಳು ನಮ್ಮಲ್ಲಿ ಹೀಗೆ ನೆಲೆನಿಂತವು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡ ಮೇಲೆ ಇಂಗ್ಲಿಷಿನ ಸರದಿ. ಬೆಂಗಳೂರಿನಲ್ಲಿ 1858ರಲ್ಲಿ ಆರಂಭವಾದ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಯಿತು. ಮೆಟ್ರಿಕ್ಯುಲೇಷನ್ ಪಾಸಾದವನ ಕಣ್ಣು ಸರ್ಕಾರದ ಕೆಲಸದ ಮೇಲೆ ನೆಟ್ಟಿತು.

ಇಲ್ಲಿಂದ ಎರಡನೆಯ ಉತ್ತರ: ಶಿಫಾರಸು. ಕೆಲಸ ಕೇಳಬೇಕಾದರೆ ಅರ್ಜಿ ಬೇಕು, ಅರ್ಜಿಗೆ ದೊಡ್ಡವರ ಕಾಗದದ ಬೆಂಬಲ ಬೇಕು. ನೆರೆಯ ಮದರಾಸಿನ ಒಂದು ಉದಾಹರಣೆ ಜಗತ್ತಿಗೇ ಗೊತ್ತು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು 1912ರಲ್ಲಿ ಮದರಾಸು ಬಂದರು ಮಂಡಲಿಯಲ್ಲಿ ಗುಮಾಸ್ತೆಯಾಗಲು ಅರ್ಜಿ ಹಾಕಿದರು. ಓದು ಮೆಟ್ರಿಕ್ಯುಲೇಷನ್ನಿಗೆ ಮುಗಿದಿತ್ತು, ಎಫ್.ಎ. ಪರೀಕ್ಷೆ ಕೈಹಿಡಿದಿರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕರ ಶಿಫಾರಸು ಪತ್ರ ಜೊತೆಗಿತ್ತು. ಕೆಲಸ ಸಿಕ್ಕಿತು, ಸಂಬಳ ತಿಂಗಳಿಗೆ 30 ರೂಪಾಯಿ. ಶಿಫಾರಸಿನಿಂದ ಒಳ್ಳೆಯದೂ ಆಗಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ಪ್ರಾಧ್ಯಾಪಕರ ಪರಿಚಯವಿಲ್ಲದ ಹುಡುಗನ ಗತಿಯೇನು? ಬಂಧು ಬಂಧುವನ್ನು ಕರೆತಂದರೆ, ಒಂದೇ ಬಳಗದವರು ಕಚೇರಿ ತುಂಬಿದರೆ, ಕೇಳುವವರು ಯಾರು?

ಮೈಸೂರಿನಲ್ಲಿ ಈ ಪ್ರಶ್ನೆ ಬಹಿರಂಗವಾಗಿಯೇ ಎದ್ದಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಮದರಾಸಿನಿಂದ ಬಂದವರಿಗೇ ಉದ್ಯೋಗವೇಕೆ, ಮೈಸೂರು ಮೈಸೂರಿನವರಿಗೆ ಇರಲಿ ಎಂಬ ಕೂಗು ಕೇಳಿಬಂತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1891ರಲ್ಲಿ, ಮೇಲಿನ ಹುದ್ದೆಗಳಿಗೆ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಮೊದಲಾಯಿತು. ಗುಮಾಸ್ತೆಗಳ ನೇಮಕ ಮಾತ್ರ ಬಹುಮಟ್ಟಿಗೆ ಕಚೇರಿಯ ಮುಖ್ಯರ ಕೈಯಲ್ಲೇ ಉಳಿಯಿತು.

1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. ಬ್ರಾಹ್ಮಣೇತರ ಸಮಾಜಗಳಿಗೆ ಉದ್ಯೋಗದಲ್ಲಿ ಪಾಲು ಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಬಿನ್ನಹವಾಯಿತು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. 1919ರ ಅದರ ವರದಿಯ ತಿರುಳು ಇಷ್ಟು: ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮಾಜಗಳಿಗೆ ಸಲ್ಲಬೇಕು. 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು. ಅರ್ಹತೆಯೊಂದೇ ಅಳತೆಯಾಗಿರಬೇಕೆಂಬ ಪಕ್ಷ ದಿವಾನ್ ವಿಶ್ವೇಶ್ವರಯ್ಯನವರದು. ಅವರು 1918ರ ಕೊನೆಯಲ್ಲೇ ಅಧಿಕಾರ ಬಿಟ್ಟಿದ್ದರು. ಈ ವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತು ಅಂದೇ ಇತ್ಯರ್ಥವಾಯಿತು: ಗುಮಾಸ್ತೆಯ ಕುರ್ಚಿ ಒಬ್ಬ ಅಧಿಕಾರಿ ಕೊಡುವ ದಾನವಲ್ಲ, ಅದರಲ್ಲಿ ಪ್ರಜೆಗಳೆಲ್ಲರ ಪಾಲಿದೆ.

ಹೀಗೆ ಬಂದುದು ಮೂರನೆಯ ಉತ್ತರ, ನಿಯಮ. ಸಂವಿಧಾನದ 16ನೆಯ ವಿಧಿ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶದ ಭರವಸೆ ಕೊಟ್ಟಿತು. ಹಿಂದುಳಿದವರಿಗೆ ಮೀಸಲಿಡಲೂ ಎಡೆಮಾಡಿತು. 1951ರಲ್ಲಿ ಮೈಸೂರಿನಲ್ಲಿ ಲೋಕಸೇವಾ ಆಯೋಗ ಸ್ಥಾಪನೆಯಾಯಿತು. 1961ರ ಕಾನೂನು ಗ್ರಾಮಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಮಾಡಿ, 1963ರ ಫೆಬ್ರವರಿಯಿಂದ ಜಾರಿಗೆ ಬಂತು. ಶಾನುಭೋಗಿಕೆ ಮುಗಿದು, ಸಂಬಳದ ಗ್ರಾಮಲೆಕ್ಕಿಗ ಬಂದನು. ಸೇನಬೋವನ ದಾರಿ ಅಲ್ಲಿಗೆ ಕೊನೆಗೊಂಡಿತು.

ನಿಯಮ ಬಂದಿತೆಂದು ಸಂಕಟ ತೀರಿತೆ? ಇಲ್ಲ, ಅದು ನೇಮಕದ ಬಾಗಿಲಿನಿಂದ ಬಡ್ತಿಯ ಮೆಟ್ಟಿಲಿಗೆ ಸರಿಯಿತು. ಈ ನೋವು ಗುಮಾಸ್ತೆಗೊಬ್ಬನಿಗೇ ಸೇರಿದ್ದಲ್ಲ. ಸಿವಿಲ್ ಸರ್ವಿಸ್ ಪರೀಕ್ಷೆ ಗೆದ್ದು ಹಿರಿಯ ಅಧಿಕಾರಿಯಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೇ, ತಮಗೆ ಸಲ್ಲಬೇಕಾಗಿದ್ದ ಸ್ಥಾನ ಕಿರಿಯರಿಗೆ ದೊರೆತಾಗ, 1943ರಲ್ಲಿ ಕೆಲಸ ಬಿಟ್ಟು ಹೊರಬಂದರು. ಮಾಸ್ತಿಯವರಿಗೆ ಸಾಹಿತ್ಯವಿತ್ತು. ಸಂಸಾರ ಹೊತ್ತ ಗುಮಾಸ್ತೆಗೆ ಹೊರಬರುವ ದಾರಿ ಎಲ್ಲಿದೆ?

1956ರ ನವೆಂಬರ್ 1ರಂದು ಐದು ಆಡಳಿತಗಳ ಕನ್ನಡಿಗರು ಒಂದಾದರು. ಆ ಸಂತೋಷದ ಹಿಂದೆ ಗುಮಾಸ್ತೆಯ ಚಿಂತೆಯೊಂದಿತ್ತು. ಧಾರವಾಡದ ಕಾರಕೂನ, ಉರ್ದುವಿನಲ್ಲಿ ಬರೆದು ಪಳಗಿದ ಗುಲ್ಬರ್ಗದ ನೌಕರ, ಮಂಗಳೂರಿನ ಮತ್ತು ಕೊಡಗಿನ ಗುಮಾಸ್ತೆ, ಮೈಸೂರಿನವನು—ಇವರಲ್ಲಿ ಹಿರಿಯ ಯಾರು? ಯಾವ ಹುದ್ದೆ ಯಾವುದಕ್ಕೆ ಸಮ? ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೆಯ ಪ್ರಕರಣ, ನೌಕರರ ಸೇವಾನಿಯಮಗಳನ್ನು ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವರಿಗೆ ಅನನುಕೂಲವಾಗುವಂತೆ ಬದಲಿಸಕೂಡದೆಂದಿತು. ಆದರೂ ಜ್ಯೇಷ್ಠತೆಯ ಪಟ್ಟಿ ವರ್ಷಗಟ್ಟಲೆ ವ್ಯಾಜ್ಯಕ್ಕೆ ಕಾರಣವಾಯಿತು. ಬಡ್ತಿಯ ನಿಯಮದ ಬಗ್ಗೆ ದಕ್ಷಿಣ ಕನ್ನಡದ ಕಂದಾಯ ನೌಕರರೊಬ್ಬರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ 1964ರಲ್ಲಿ ತೀರ್ಮಾನವಾಯಿತು. ಕೇಂದ್ರದ ಅನುಮತಿ ಇತ್ತೆಂದು ನ್ಯಾಯಾಲಯ ಸರ್ಕಾರದ ನಿಯಮವನ್ನೇ ಎತ್ತಿಹಿಡಿಯಿತು. ಮುಂದೆ 1970ರ ದಶಕದ ತೀರ್ಪುಗಳು ಇನ್ನೊಂದು ಸೂಕ್ಷ್ಮವನ್ನು ಸ್ಪಷ್ಟಪಡಿಸಿದವು. ಬಡ್ತಿಗಾಗಿ ತನ್ನ ಹೆಸರನ್ನು ಪರಿಶೀಲಿಸಬೇಕೆಂದು ಕೇಳುವುದು ನೌಕರನ ಹಕ್ಕು. ಬಡ್ತಿ ಬೇಗ ಬರಬಹುದೆಂಬ ನಿರೀಕ್ಷೆ ಹಕ್ಕಲ್ಲ. ಬಡ್ತಿಯಲ್ಲಿ ಮೀಸಲಾತಿ ಪಡೆದವರ ಜ್ಯೇಷ್ಠತೆಯ ಪ್ರಶ್ನೆಯೂ ಹೀಗೆಯೇ ಅಲೆದಾಡಿತು. ಕರ್ನಾಟಕದ 2002ರ ಕಾನೂನಿನ ಮುಖ್ಯ ಭಾಗ 2017ರಲ್ಲಿ ಬಿದ್ದುಹೋಗಿ, 2018ರ ಹೊಸ ಕಾನೂನು 2019ರಲ್ಲಿ ಊರ್ಜಿತವಾಯಿತು.

ಇನ್ನು ಸಂಬಳ. ಗುಮಾಸ್ತೆಯೆಂಬ ಹೆಸರು ಹೋಗಿ ಈಗ ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ ಎಂದಾಗಿದೆ. ಅಧಿಕಾರಿಯ ದಯೆಯ ಬದಲು ವೇತನ ಆಯೋಗಗಳು ಬಂದಿವೆ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟಿನಿಂದ ನೌಕರನ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು. ನೋಡಿ, ಶಿಫಾರಸು ಎಂಬ ಹಳೆಯ ಮಾತಿಗೆ ಎಂಥ ಹೊಸ ಅರ್ಥ! ಹಿಂದೆ ಅದು ಒಬ್ಬನಿಗಾಗಿ ಗುಟ್ಟಾಗಿ ಬರೆದ ಕಾಗದ. ಇಂದು ಎಲ್ಲರಿಗಾಗಿ ಅಚ್ಚಾದ ವರದಿ.

ವಂಶಕ್ಕೆ ಬಳಗದ ಮಿತಿ, ಶಿಫಾರಸಿಗೆ ಪರಿಚಯದ ಮಿತಿ, ನಿಯಮಕ್ಕೆ ಕಾಯುವಿಕೆಯ ಮಿತಿ. ಮೂರರಲ್ಲಿ ಕಾಯುವಿಕೆಯೇ ಮೇಲು ಎನ್ನಬೇಕು. ಏಕೆಂದರೆ ಶಾನುಭೋಗರ ಮೊಮ್ಮಗನೂ, ಅವರ ಲೆಕ್ಕವನ್ನು ಓದಲಾರದೆ ನಿಂತಿದ್ದ ರೈತನ ಮೊಮ್ಮಗಳೂ ಇಂದು ಒಂದೇ ಕೊಠಡಿಯಲ್ಲಿ ಕುಳಿತು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಬಲ್ಲರು. ಇದು ಸಣ್ಣ ಗಳಿಕೆಯಲ್ಲ.

ಆದರೆ ಮೇಜಿನ ಈಚೆ ಅರ್ಜಿ ಹಿಡಿದು ನಿಂತವನೊಬ್ಬ ಎಲ್ಲ ಕಾಲದಲ್ಲೂ ಇದ್ದಾನೆ. ಕೆಲಸಕ್ಕಾಗಿ ಕಾದು, ಬಡ್ತಿಗಾಗಿ ಕಾದು, ಕಾಯುವುದರ ಕಷ್ಟವನ್ನು ಗುಮಾಸ್ತೆಯಷ್ಟು ಚೆನ್ನಾಗಿ ಬಲ್ಲವರು ಬೇರಿಲ್ಲ. ಆ ಅರಿವಿನಿಂದ ಅವನು ಎದುರಿಗಿರುವವನ ಕಡತವನ್ನು ಒಂದು ದಿನ ಮುಂಚಿತವಾಗಿ ಬಿಚ್ಚಿದರೆ, ಇಷ್ಟು ದೂರ ನಡೆದು ಬಂದುದಕ್ಕೆ ಸಾರ್ಥಕ.