ಕಾರ್ಖಾನೆಯ ಗೇಟಿನಾಚೆ: ಬೆಂಗಳೂರಿನ ಎರಡು ಹೋರಾಟಗಳು

1980ರ ಡಿಸೆಂಬರ್ ಅಂತ್ಯದಲ್ಲಿ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕ ಸಂಘಗಳು ಒಂದೇ ಜಂಟಿ ರಂಗವಾಗಿ ಮುಷ್ಕರ ಹೂಡಿದವು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಅವುಗಳ ಬೇಡಿಕೆ. ಆ ಒಗ್ಗಟ್ಟು 77 ದಿನ ಬಾಳಿತು. 1981ರ ಮಾರ್ಚ್‌ನಲ್ಲಿ ಬೇಡಿಕೆ ಈಡೇರದೆಯೇ ಕಾರ್ಮಿಕರು ಕೆಲಸಕ್ಕೆ ಮರಳಿದರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಗದ್ಗುರು ಎರಡನೇ ಜಾನ್ ಪಾಲರ ‘ಲಾಬೋರೆಮ್ ಎಕ್ಸೆರ್ಚೆನ್ಸ್’ ವಿಶ್ವಪರಿಪತ್ರ ಹೊರಬಂದಿತು. ಕಾರ್ಮಿಕ ಸಂಘಗಳು ಅನಿವಾರ್ಯವೆಂದು ಸಾರುವ ಅದರ 20ನೆಯ ಪರಿಚ್ಛೇದ, ಅವು ಗುಂಪಿನ ಸ್ವಾರ್ಥಕ್ಕೆ ಇಳಿಯಬಾರದೆಂದೂ ಎಚ್ಚರಿಸುತ್ತದೆ. ತರಗತಿಗಳಲ್ಲಿ ಮೊದಲನೆಯದನ್ನು ಒತ್ತಿ ಹೇಳಿ ಎರಡನೆಯದನ್ನು ದಾಟಿಬಿಡುವುದು ನನ್ನದೂ ರೂಢಿಯಾಗಿತ್ತು. ಒಗ್ಗಟ್ಟು ಗೇಟಿನೊಳಗೇ ಉಳಿದರೆ ಹೊರಗಿನವರ ಗತಿಯೇನು?

ಈ ಪ್ರಶ್ನೆ 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಗೇ ಇಳಿಯಿತು. ನಮ್ಮ ಗಿರಿನಗರಕ್ಕೆ ಅದೇನೂ ದೂರವಲ್ಲ. ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಪಡೆಯುವಂತಿಲ್ಲವೆಂಬ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗೆ ಬಂದರು. ಹೆಚ್ಚಿನವರು ಮಹಿಳೆಯರು, ಬಹುತೇಕರು ಯಾವ ಸಂಘಕ್ಕೂ ಸೇರಿದವರಲ್ಲ. ಕಲ್ಲು, ಬೆಂಕಿ, ಲಾಠಿ ಎಲ್ಲವೂ ಕಂಡವು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಸಂಘಟಿತರು ಸೋತ ನಗರದಲ್ಲಿ ಅಸಂಘಟಿತರು ಗೆದ್ದರೆಂದು ಹಿಗ್ಗುವುದು ಸುಲಭ. ಆದರೆ ಅವರು ಅದೇ ಕೂಲಿಗೆ ಹೊಲಿಗೆ ಯಂತ್ರದ ಮುಂದೆ ಮರಳಿ ಕುಳಿತರು. ಮಾಲೀಕರೊಡನೆ ಕೂಲಿಯ ಮಾತಾಡಲು ಬಹುತೇಕರಿಗೆ ಸಂಘವೇ ಇರಲಿಲ್ಲ.