ಇಂಗ್ಲೆಂಡಿನ ಕೌಂಟಿ ಚದುರಂಗ: ಫಲಿತಾಂಶಪಟ್ಟಿ ಚರಿತ್ರೆಯ ಆಕರವಾಗಬಲ್ಲದೆ?

ಚರಿತ್ರೆಯ ಆಕರಗಳೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಶಾಸನ, ತಾಮ್ರಪಟ, ಕಡತ, ಕೈಫಿಯತ್ತುಗಳು. ಊರ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಆಟದ ಫಲಿತಾಂಶವನ್ನು ಆಕರವೆಂದು ಎಣಿಸುವವರು ವಿರಳ. ಆದರೆ ಇಂಗ್ಲೆಂಡಿನ ಪ್ರಾಂತೀಯ ಪತ್ರಿಕೆಗಳ ಹಳೆಯ ಸಂಪುಟಗಳನ್ನು ತಿರುವಿಹಾಕಿದವರಿಗೆ ಒಂದು ಬಗೆಯ ಬರಹ ಮತ್ತೆ ಮತ್ತೆ ಎದುರಾಗುತ್ತದೆ. ಎಡಗಡೆ ಒಂದು ಊರಿನ ಅಥವಾ ಕೌಂಟಿಯ ಹೆಸರು, ಬಲಗಡೆ ಇನ್ನೊಂದರದು. ಎರಡರ ಕೆಳಗೂ ಹತ್ತು, ಹದಿನಾರು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಮಂದಿಯ ಹೆಸರುಗಳು. ಪ್ರತಿಯೊಂದು ಹೆಸರಿನ ಮುಂದೆ ಒಂದು, ಅರ್ಧ, ಇಲ್ಲವೆ ಸೊನ್ನೆ. ಇದು ಚದುರಂಗ ಪಂದ್ಯದ ಫಲಿತಾಂಶಪಟ್ಟಿ. ಈ ಪಟ್ಟಿ ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚದುರಂಗವು ಮೂಲತಃ ಇಬ್ಬರ ಆಟ. ಅದರಲ್ಲಿ ಗೆಲವೂ ಸೋಲೂ ವ್ಯಕ್ತಿಯವು. ಹೀಗಿರಲು ಅದು ಒಂದು ಊರಿನ ಗೆಲವು, ಒಂದು ಪ್ರಾಂತದ ಸೋಲು ಎಂದು ಎಣಿಸಲ್ಪಟ್ಟುದು ಹೇಗೆ? ಇದಕ್ಕೆ ಮೊದಲ ಉತ್ತರ ಅಂಚೆಯಲ್ಲಿ ದೊರೆಯುತ್ತದೆ. ಲಂಡನ್ ಚದುರಂಗ ಸಂಘ 1807ರಲ್ಲಿಯೂ ಎಡಿನ್‌ಬರೋ ಸಂಘ 1822ರಲ್ಲಿಯೂ ಹುಟ್ಟಿದುವು. 1824ರಿಂದ 1828ರವರೆಗೆ ಈ ಎರಡು ಸಂಘಗಳು ಕಾಗದದ ಮೂಲಕ ಒಂದೊಂದೇ ನಡೆಯನ್ನು ಕಳುಹಿಸುತ್ತ ಐದು ಆಟಗಳನ್ನು ಆಡಿದುವು. ಎಡಿನ್‌ಬರೋ ಎರಡನ್ನು ಗೆದ್ದು ಒಂದನ್ನು ಸೋತಿತು. ಉಳಿದ ಎರಡು ಸಮವಾದುವು. ಆರಂಭದ ನಡೆಗಳ ಒಂದು ಕ್ರಮಕ್ಕೆ ಇಂದಿಗೂ 'ಸ್ಕಾಚ್' ಎಂಬ ಹೆಸರಿರುವುದು ಈ ಪಂದ್ಯದ ನೆನಪಿನಿಂದಲೇ. ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ಪ್ರತಿಯೊಂದು ನಡೆಯನ್ನೂ ಸಂಘದ ಸಮಿತಿ ಕುಳಿತು ಚರ್ಚಿಸಿ ನಿರ್ಧರಿಸುತ್ತಿತ್ತು. ಆದುದರಿಂದ ಆಡಿದವನು ಇಂಥವನೆಂದು ಹೇಳುವಂತಿರಲಿಲ್ಲ, ಆಡಿದುದು ನಗರ. ವ್ಯಕ್ತಿಯ ಆಟ ಸಮುದಾಯದ ಆಟವಾಗಿ ಮಾರ್ಪಟ್ಟ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೆ ನಾಲ್ಕು ವರ್ಷ ಕಾಯುವ ಆಟ ಎಲ್ಲರದೂ ಆಗಲಾರದು. ಎದುರೆದುರು ಕುಳಿತು ಆಡಬೇಕಾದರೆ ಜನ ಒಂದೆಡೆ ಸೇರಬೇಕು. ಸೇರಬೇಕಾದರೆ ದಾರಿ ಬೇಕು, ಬಿಡುವು ಬೇಕು. 1840ರಲ್ಲಿ ಒಂದು ಪೆನ್ನಿಯ ಅಂಚೆ ದೇಶಕ್ಕೆಲ್ಲ ಸಮಾನವಾಗಿ ಬಂದಿತು. 1841ರಲ್ಲಿ ಮ್ಯಾಂಚೆಸ್ಟರಿನಿಂದ ಲೀಡ್ಸಿಗೆ ರೈಲುಮಾರ್ಗ ಪೂರ್ಣವಾಗಿ ತೆರೆಯಿತು. ಅದೇ 1841ರಲ್ಲಿ ಯಾರ್ಕ್‌ಷೈರಿನ ಹಲವು ಊರುಗಳ ಚದುರಂಗ ಸಂಘಗಳು ಲೀಡ್ಸಿನಲ್ಲಿ ಕೂಡಿ ಯಾರ್ಕ್‌ಷೈರ್ ಚದುರಂಗ ಸಂಸ್ಥೆಯನ್ನು ಕಟ್ಟಿಕೊಂಡುವು. ಈ ಮೂರು ಘಟನೆಗಳು ಒಂದರ ಹಿಂದೊಂದು ನಡೆದುವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಸಾಧಿಸಿದಂತಾಗುವುದಿಲ್ಲ. ಆದರೂ ಉಣ್ಣೆ ಬಟ್ಟೆಯ ಗಿರಣಿಗಳ ಈ ಊರುಗಳ ವರ್ತಕರೂ ವಕೀಲರೂ ಉಪಾಧ್ಯಾಯರೂ ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಸೇರಿ ಆಡುವುದು ಮೊದಲಾದುದು ಈ ಸೌಕರ್ಯಗಳು ಒದಗಿದ ಕಾಲದಲ್ಲಿಯೇ ಎಂಬುದನ್ನು ಅಲ್ಲಗಳೆಯಲಾಗದು. 1850ರ ಕಾರ್ಖಾನೆ ಶಾಸನ ಬಟ್ಟೆಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಬೇಕೆಂದು ವಿಧಿಸಿತು. ಶನಿವಾರದ ಅರ್ಧದಿನದ ಬಿಡುವು ಕ್ರಮೇಣ ಇತರರಿಗೂ ಹಬ್ಬಿತು. ಕಾಲ್ಚೆಂಡಾಟ ಬೆಳೆದುದು ಆ ಮಧ್ಯಾಹ್ನಗಳಲ್ಲಿ ಎಂದು ಸಮಾಜಚರಿತ್ರೆಯನ್ನು ಬರೆದವರೆಲ್ಲ ಹೇಳುತ್ತಾರೆ. ಕೌಂಟಿಗಳ ಚದುರಂಗವೂ ಅದೇ ಮಧ್ಯಾಹ್ನಗಳ ಬೆಳೆಯೆಂಬುದನ್ನು ಹೇಳುವವರು ಕಡಮೆ.

ಇದೇ ವರ್ಷಗಳಲ್ಲಿ ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ಆಡಳಿತ ಕೈತಪ್ಪಿದ ಮೇಲೆ, ಅರಮನೆಯಲ್ಲಿ ಕುಳಿತು ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ಹಾಯಿಸುವ ಬಂಧಗಳನ್ನು ರಚಿಸುತ್ತಿದ್ದರೆಂಬುದು ವಾಚಕರಿಗೆ ತಿಳಿದ ವಿಷಯ. ಆಟದ ತವರಿನಲ್ಲಿ ಅದು ಅರಸನ ವಿದ್ವದ್ವಿನೋದವಾಗಿತ್ತು. ಲೀಡ್ಸಿನಲ್ಲಿ ಅದು ರೈಲು ಹತ್ತಿ ಬಂದ ಗೃಹಸ್ಥರ ಕೂಟವಾಗಿತ್ತು. ಎರಡನ್ನೂ ತೂಗಿನೋಡಿ ಮೇಲು ಕೀಳು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಫಲಿತಾಂಶಪಟ್ಟಿ ಎಂಬುದು ಎರಡನೆಯ ಬಗೆಯ ಸಮಾಜದಲ್ಲಿ ಮಾತ್ರ ಹುಟ್ಟಬಲ್ಲುದು.

1845ರ ಏಪ್ರಿಲಿನಲ್ಲಿ ರೈಲುಮಾರ್ಗದ ಬದಿಯ ವಿದ್ಯುತ್ತಂತಿಯ ಮೂಲಕವೂ ಆಟ ನಡೆಯಿತು. ಗಾಸ್‌ಪೋರ್ಟಿನ ತುದಿಯಲ್ಲಿ ಹೋವರ್ಡ್ ಸ್ಟಾಂಟನ್ ಮತ್ತು ಕ್ಯಾಪ್ಟನ್ ಕೆನೆಡಿ. ಲಂಡನ್ ತುದಿಯಲ್ಲಿದ್ದ ಹಲವರಲ್ಲಿ ಒಬ್ಬನು ಹೆನ್ರಿ ಥಾಮಸ್ ಬಕ್ಲ್. ಈತನೇ ಮುಂದೆ 1857ರಲ್ಲಿ ಇಂಗ್ಲೆಂಡಿನ ನಾಗರಿಕತೆಯ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿ, ವ್ಯಕ್ತಿಗಳ ಸಾಹಸಕ್ಕಿಂತ ಸಾಮಾನ್ಯ ನಿಯಮಗಳೇ ಮಾನವಚರಿತ್ರೆಯನ್ನು ನಡೆಸುತ್ತವೆಂದು ವಾದಿಸಿದವನು. 1849ರಲ್ಲಿ ಲಂಡನ್ನಿನಲ್ಲಿ ನಡೆದ ಸ್ಪರ್ಧೆಯೊಂದನ್ನು ಗೆದ್ದವನೂ ಈತನೇ. ಸಾಮಾನ್ಯ ನಿಯಮಗಳ ಪ್ರವಾದಿಯಾದ ಈ ಚರಿತ್ರಕಾರನು ತನ್ನ ಕಾಲದ ಅತ್ಯುತ್ತಮ ಆಟಗಾರರಲ್ಲಿ ಒಬ್ಬನೆಂದು ವೈಯಕ್ತಿಕ ಕೀರ್ತಿಯನ್ನು ಪಡೆದುದು ಸ್ವಾರಸ್ಯವಾದ ಸಂಗತಿ.

ಶತಮಾನದ ಕೊನೆಯ ಇಪ್ಪತ್ತೈದು ವರ್ಷಗಳಲ್ಲಿ ಆಟದ ವ್ಯವಸ್ಥೆ ಬಿಗಿಯಾಯಿತು. ಹಡರ್ಸ್‌ಫೀಲ್ಡಿನ ಒಂದು ವಿದ್ಯಾಶಾಲೆಯ ಪತ್ರಿಕೆಯಲ್ಲಿ ಜಾನ್ ವಾಟ್ಕಿನ್‌ಸನ್ ನಡೆಸುತ್ತಿದ್ದ ಚದುರಂಗದ ಪುಟಗಳೇ 1881ರಲ್ಲಿ ಬ್ರಿಟಿಷ್ ಚೆಸ್ ಮ್ಯಾಗಜೀನ್ ಎಂಬ ಸ್ವತಂತ್ರ ಮಾಸಪತ್ರಿಕೆಯಾದುವು. ರಾಜಧಾನಿಯಲ್ಲಿ ಹುಟ್ಟಬೇಕಾಗಿದ್ದ ಪತ್ರಿಕೆ ಗಿರಣಿಯ ಊರೊಂದರಲ್ಲಿ ಹುಟ್ಟಿತೆಂಬುದೇ ಅಂದಿನ ಸ್ಥಿತಿಯನ್ನು ತೋರಿಸುತ್ತದೆ. ಯಾರ್ಕ್‌ಷೈರಿನ ಊರೂರಿನ ಸಂಘಗಳು ವುಡ್‌ಹೌಸ್ ಬಟ್ಟಲಿಗಾಗಿ ಆಡತೊಡಗಿದುದು 1880ರ ದಶಕದಲ್ಲಿ. ಆ ಬಟ್ಟಲಿನ ಸ್ಪರ್ಧೆ ಇನ್ನೂ ನಿಂತಿಲ್ಲ. ದಕ್ಷಿಣದ ಕೌಂಟಿಗಳ ಒಕ್ಕೂಟ 1892ರಲ್ಲಿ, ಮಧ್ಯದೇಶದ್ದು 1897ರಲ್ಲಿ, ಉತ್ತರದ್ದು 1899ರಲ್ಲಿ ಸ್ಥಾಪಿತವಾದುವು. ಇಡೀ ದೇಶದ ಬ್ರಿಟಿಷ್ ಚದುರಂಗ ಒಕ್ಕೂಟ 1904ರಲ್ಲಿ ಬಂದುದು ಇವೆಲ್ಲದರ ಅನಂತರ. ಕೆಳಗಿನಿಂದ ಮೇಲಕ್ಕೆ ಕಟ್ಟಿದ ಮನೆಯಿದು.

ಇನ್ನು ಪಟ್ಟಿಯನ್ನೇ ಓದೋಣ. ಹೆಸರುಗಳ ಕ್ರಮ ಅಕಾರಾದಿಯಲ್ಲ, ಬಲದ ಕ್ರಮ. ಮೊದಲನೆಯ ಮಣೆಗೆ ಅತ್ಯಂತ ಸಮರ್ಥನು, ಕೊನೆಯ ಮಣೆಗೆ ಹೊಸಬನು. ತಂಡದ ನಾಯಕನು ಈ ಕ್ರಮವನ್ನು ನಿರ್ಣಯಿಸುವಾಗ ಎಷ್ಟು ಮಂದಿಯ ಮನಸ್ಸನ್ನು ನೋಯಿಸಿದನೋ ಪಟ್ಟಿ ಹೇಳುವುದಿಲ್ಲ. ನಾಣ್ಯ ಚಿಮ್ಮಿ ಗೆದ್ದ ತಂಡಕ್ಕೆ ಬೆಸ ಸಂಖ್ಯೆಯ ಮಣೆಗಳಲ್ಲಿ ಒಂದು ಬಣ್ಣ, ಸಮ ಸಂಖ್ಯೆಯ ಮಣೆಗಳಲ್ಲಿ ಇನ್ನೊಂದು. ಬಾರದೆ ಉಳಿದವನ ಹೆಸರಿನ ಎದುರಿಗೆ ಸೊನ್ನೆ; ರೈಲು ತಪ್ಪಿತೋ, ಮಗುವಿಗೆ ಜ್ವರವೋ, ಸೊನ್ನೆಯೊಂದೇ ಉಳಿಯುತ್ತದೆ. ಕೊನೆಯ ಮಣೆಯಲ್ಲಿ ಆಡಿದವನ ಗೆಲವೂ ಮೊದಲನೆಯ ಮಣೆಯವನ ಗೆಲವೂ ಮೊತ್ತದಲ್ಲಿ ಒಂದೇ ಬೆಲೆಯವು. ಈ ಲೆಕ್ಕದಲ್ಲಿ ಒಂದು ಬಗೆಯ ಪ್ರಜಾಪ್ರಭುತ್ವವಿದೆ. ಹದಿನಾರನೆಯವನು ಗೆದ್ದ ಅರ್ಧ ಅಂಕದಿಂದ ಕೌಂಟಿ ಗೆದ್ದ ದಿನ ಅವನ ಮುಂದೆ ಮೊದಲನೆಯವನೂ ತಲೆಬಾಗಬೇಕು.

ಪಟ್ಟಿ ಚರಿತ್ರಕಾರನನ್ನು ದಾರಿತಪ್ಪಿಸುವ ಸ್ಥಳವೂ ಒಂದಿದೆ. ಯಂತ್ರದ ಜೋಡಿಗಡಿಯಾರ 1883ರ ಲಂಡನ್ ಸ್ಪರ್ಧೆಯಲ್ಲಿ ಬಳಕೆಗೆ ಬಂದಿತು. ಆದರೂ ಸಂಜೆ ಮೊದಲಾದ ಪಂದ್ಯ ಕೊನೆಯ ರೈಲಿನ ಹೊತ್ತಿಗೆ ಮುಗಿಯಲೇಬೇಕು. ಎಷ್ಟೋ ಆಟಗಳು ನಡುವೆಯೇ ನಿಲ್ಲುತ್ತಿದ್ದುವು. ಆಗ ಕಾಯಿಗಳ ಸ್ಥಾನವನ್ನು ಕಾಗದದಲ್ಲಿ ಗುರುತಿಸಿ, ಎರಡು ಕಡೆಯವರೂ ತಮ್ಮ ತಮ್ಮ ಹಕ್ಕನ್ನು ಬರೆದು, ಬಲಶಾಲಿಯಾದ ಮೂರನೆಯ ಆಟಗಾರನೊಬ್ಬನಿಗೆ ತೀರ್ಪಿಗಾಗಿ ಕಳುಹಿಸುವ ಪದ್ಧತಿ ಬೆಳೆಯಿತು. ಆದಕಾರಣ ಸೋಮವಾರದ ಪತ್ರಿಕೆಯಲ್ಲಿ ಅಚ್ಚಾದ ಮೊತ್ತ ಪಂದ್ಯದ ಕೊನೆಯ ಮೊತ್ತವಲ್ಲದೆ ಇರಬಹುದು; ನಿಜವಾದ ಗೆಲವು ವಾರಗಳ ಮೇಲೆ, ಬೇರೊಂದು ಊರಿನ ಮೇಜಿನ ಮೇಲೆ, ಆಟವನ್ನೇ ಆಡದವನ ಲೇಖನಿಯಿಂದ ತೀರ್ಮಾನವಾಗುತ್ತಿತ್ತು. ಪಟ್ಟಿಯಲ್ಲಿ ಮಾತ್ರ ಅದು ಉಳಿದ ಗೆಲವುಗಳಂತೆಯೇ ಒಂದು ಅಂಕೆ. ಒಂದೇ ಪತ್ರಿಕೆಯ ಒಂದೇ ಸಂಚಿಕೆಯನ್ನು ನಂಬಿ ಇಂಥ ಪಂದ್ಯದ ಫಲವನ್ನು ಬರೆಯುವವನು ಎಡವುವುದು ಖಂಡಿತ. ಇತ್ತೀಚಿನ ದಶಕಗಳಲ್ಲಿ ಗಡಿಯಾರದ ಹೊಸ ನಿಯಮಗಳಿಂದ ಈ ತೀರ್ಪಿನ ಪದ್ಧತಿ ಬಹುಮಟ್ಟಿಗೆ ಮರೆಯಾಗಿದೆ.

ಪಟ್ಟಿಯಲ್ಲಿ ಕಾಣದವರ ವಿಷಯವನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಪಟ್ಟಿಗಳಲ್ಲಿ ಹೆಂಗಸರ ಹೆಸರೇ ಇಲ್ಲ. ಬ್ರಿಸ್ಟಲಿನ ಮೇರಿ ರಡ್ಜ್ 1897ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಮಹಿಳಾ ಸ್ಪರ್ಧೆಯಲ್ಲಿ ಹತ್ತೊಂಬತ್ತು ಆಟಗಳಲ್ಲಿ ಹದಿನೆಂಟನ್ನು ಗೆದ್ದು ಒಂದನ್ನು ಸಮಮಾಡಿಕೊಂಡಾಗ ಆಕೆಗೆ ಐವತ್ತು ದಾಟಿತ್ತು. ಅಷ್ಟು ಬಲವುಳ್ಳವಳು ಅದಕ್ಕೆ ಹಿಂದಿನ ವರ್ಷಗಳಲ್ಲಿ ಆಡಬಹುದಾಗಿದ್ದ ಪಂದ್ಯಗಳೆಷ್ಟು, ಕೂಡಲು ಸ್ಥಳ ಸಿಕ್ಕಿದುದು ಎಷ್ಟರಲ್ಲಿ ಎಂಬ ಪ್ರಶ್ನೆಗೆ ಪಟ್ಟಿಗಳ ಮೌನವೇ ಉತ್ತರ. ಇನ್ನೊಂದು ತುದಿಯಲ್ಲಿ ಹೆನ್ರಿ ಅಟ್ಕಿನ್ಸ್ ಇದ್ದಾನೆ. 1905ರಿಂದ 1911ರವರೆಗೆ ಎಡೆಬಿಡದೆ ಏಳು ಬಾರಿ, ಮತ್ತೆ 1924, 1925ರಲ್ಲಿ, ಬ್ರಿಟಿಷ್ ಪ್ರಥಮಪದವಿಯನ್ನು ಗೆದ್ದ ಈತನ ಜೀವನೋಪಾಯ ಶಾಲೆಯ ಅಧ್ಯಾಪನ. ಆಟವನ್ನು ವೃತ್ತಿಯಾಗಿಸಿಕೊಂಡವರಲ್ಲಿ ಕೀರ್ತಿಯನ್ನು ಹುಡುಕುವ ನಮ್ಮ ಕಾಲಕ್ಕೆ ಇಂಥವರು ಅರ್ಥವಾಗುವುದು ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಪಟ್ಟಿಯ ತಲೆಯ ಮೇಲೆ ಬರೆದ 'ಕೌಂಟಿ' ಯಾವುದು? 1965ರ ಏಪ್ರಿಲ್ 1ರಂದು ಮಿಡ್ಲ್‌ಸೆಕ್ಸ್ ಕೌಂಟಿಯ ಆಡಳಿತ ಕೊನೆಗಂಡಿತು. ಅದರ ಬಹುಭಾಗ ಬೃಹತ್ ಲಂಡನ್ನಿನಲ್ಲಿ ಲೀನವಾಯಿತು. 1974ರ ಏಪ್ರಿಲ್ 1ರಂದು ಯಾರ್ಕ್‌ಷೈರಿನ ಮೂರು ಪುರಾತನ ವಿಭಾಗಗಳು ಅಳಿದು ಹೊಸ ಕೌಂಟಿಗಳು ಬಂದುವು. ಸರಕಾರದ ಭೂಪಟ ಬದಲಾಯಿತು. ಚದುರಂಗದ ಪಟ್ಟಿ ಬದಲಾಗಲಿಲ್ಲ. ಮಿಡ್ಲ್‌ಸೆಕ್ಸ್ ತಂಡ ಇಂದಿಗೂ ಆಡುತ್ತದೆ, ಯಾರ್ಕ್‌ಷೈರ್ ತಂಡವೂ ಅಷ್ಟೆ. ಇದು ನಮಗೆ ಅಪರಿಚಿತವಾದ ಸಂಗತಿಯಲ್ಲ. ಸೌರಾಷ್ಟ್ರ ರಾಜ್ಯ 1956ರಲ್ಲಿಯೇ ಮುಂಬಯಿ ರಾಜ್ಯದಲ್ಲಿ ಸೇರಿಹೋಗಿ, 1960ರಿಂದ ಗುಜರಾತಿನ ಭಾಗವಾಗಿದೆ. ಬರೋಡಾ ಸಂಸ್ಥಾನ ಚರಿತ್ರೆಗೆ ಸೇರಿದೆ. ಆದರೆ ರಣಜಿ ಟ್ರೋಫಿಯಲ್ಲಿ ಇವೆರಡೂ ಗುಜರಾತಿನ ತಂಡದ ಎದುರು ತಮ್ಮ ಹೆಸರಿನಲ್ಲಿಯೇ ನಿಲ್ಲುತ್ತವೆ. ನಮ್ಮ ತಂಡವಾದರೋ 1973ರ ನವೆಂಬರಿನಲ್ಲಿ ರಾಜ್ಯದೊಡನೆಯೇ ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವಾಯಿತು. ಅದೇ ಋತುವಿನಲ್ಲಿ ಮೊದಲ ಬಾರಿಗೆ ಟ್ರೋಫಿಯನ್ನೂ ತಂದಿತು.

ಇದನ್ನು ಹಳೆಯದರ ಮೇಲಿನ ಮೋಹವೆಂದು ತಳ್ಳಿಹಾಕುವುದು ಸುಲಭ. ನನಗೆ ಅದು ಸರಿಯೆಂದು ತೋರುವುದಿಲ್ಲ. ಚದುರಂಗದ ಕೌಂಟಿ ಮೊದಲಿನಿಂದಲೂ ಆಡಳಿತದ ಕೌಂಟಿಯಾಗಿರಲಿಲ್ಲ. ಹುಟ್ಟಿನಿಂದಲೋ ವಾಸದಿಂದಲೋ ಒಬ್ಬನು ಒಂದು ಕೌಂಟಿಗೆ ಸೇರಿ, ತನ್ನ ಖರ್ಚಿನಲ್ಲಿ ಪಯಣಮಾಡಿ, ಶನಿವಾರವನ್ನು ಕಳೆದು, ಸಂಭಾವನೆಯಿಲ್ಲದೆ ಆಡಿ ಹಿಂದಿರುಗುತ್ತಿದ್ದನು. ಆ ಕೌಂಟಿಗೆ ತೆರಿಗೆಯಿರಲಿಲ್ಲ, ನ್ಯಾಯಾಲಯವಿರಲಿಲ್ಲ, ಪಂದ್ಯಗಳ ಪಟ್ಟಿಯೊಂದಿತ್ತು. ಆಡುವವರು ಇರುವವರೆಗೆ ಅದನ್ನು ರದ್ದುಪಡಿಸಬಲ್ಲ ಶಾಸನ ಯಾವುದೂ ಇಲ್ಲ.

ಹಳೆಯದರ ಮೋಹವೇ ಕಾರಣವಾಗಿದ್ದರೆ ಹೊಸ ಕೌಂಟಿಗಳು ಪಟ್ಟಿಯನ್ನು ಸೇರಬಾರದಾಗಿತ್ತು. ಆದರೆ ಗ್ರೇಟರ್ ಮ್ಯಾಂಚೆಸ್ಟರ್ ಸೇರಿತು. ಕ್ಲೀವ್‌ಲೆಂಡಿನ ಕಥೆ ಇನ್ನೂ ವಿಚಿತ್ರ. 1974ರ ಸುಧಾರಣೆಯಲ್ಲಿ ಟೀಸ್ ನದಿಯ ಎರಡು ದಂಡೆಗಳ ಊರುಗಳನ್ನು ಕೂಡಿಸಿ ಈ ಕೌಂಟಿಯನ್ನು ನಿರ್ಮಿಸಿದರು. ಇಪ್ಪತ್ತೆರಡು ವರ್ಷಗಳ ಮೇಲೆ, 1996ರಲ್ಲಿ, ಸರಕಾರವೇ ಅದನ್ನು ತೆಗೆದುಹಾಕಿತು. ಕ್ಲೀವ್‌ಲೆಂಡ್ ಚದುರಂಗ ಸಂಸ್ಥೆ ಮಾತ್ರ ಅದೇ ಹೆಸರಿನಿಂದ ಉತ್ತರದ ಒಕ್ಕೂಟದಲ್ಲಿ ಉಳಿದುಕೊಂಡಿತು.

ಇಂಥ ಪಟ್ಟಿಗಳಿಗೆ 1950ರ ದಶಕದಲ್ಲಿ ಇನ್ನೊಂದು ಉಪಯೋಗ ಒದಗಿತು. ರಿಚರ್ಡ್ ಕ್ಲಾರ್ಕ್ ಎಂಬ ಸರಕಾರೀ ಅಧಿಕಾರಿ ಆಟಗಾರರ ಬಲವನ್ನು ಅಂಕೆಯಲ್ಲಿ ಅಳೆಯುವ ಕ್ರಮವೊಂದನ್ನು ರೂಪಿಸಿದನು. ಗೆದ್ದರೆ ಎದುರಾಳಿಯ ಅಂಕೆಗೆ ಐವತ್ತನ್ನು ಕೂಡಿಸುವುದು, ಸೋತರೆ ಐವತ್ತನ್ನು ಕಳೆಯುವುದು, ಸಮವಾದರೆ ಎದುರಾಳಿಯ ಅಂಕೆಯನ್ನೇ ಹಿಡಿಯುವುದು, ಕೊನೆಗೆ ಎಲ್ಲದರ ಸರಾಸರಿ ತೆಗೆಯುವುದು; ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕ. 2020ರಲ್ಲಿ ನಾಲ್ಕಂಕಿಯ ಬೇರೊಂದು ಕ್ರಮ ಬರುವವರೆಗೆ ಇಂಗ್ಲೆಂಡಿನಲ್ಲಿ ಇದೇ ನಡೆಯಿತು. ಆಡಿದ ನಡೆಗಳನ್ನು ಬರೆದಿಟ್ಟ ಕಾಗದಗಳಲ್ಲಿ ಹೆಚ್ಚಿನವು ಕಸದ ಪಾಲಾದುವು. ಹದಿನಾರನೆಯ ಮಣೆಯವನ ಹೆಸರು, ಅವನ ಎದುರಾಳಿಯ ಹೆಸರು, ನಡುವೆ ಒಂದು ಅರ್ಧ: ಇಷ್ಟು ಮಾತ್ರ ಪತ್ರಿಕೆಯ ಸಂಪುಟದಲ್ಲಿದೆ.